ಮಸ್ಕಿಯ ಬಂಡೆಯಿಂದ ಲುಂಬಿನಿಯ ಕಂಬಕ್ಕೆ: ವಿದ್ಯಾರ್ಥಿಗಳಿಗೊಂದು ನೇಪಾಳ ಟೆಂಟು ಪ್ರವಾಸ

ಸಮತೋಲನ ಜಲಾಶಯದ ಸುದ್ದಿ ಎದ್ದಾಗಲಷ್ಟೇ ಪತ್ರಿಕೆಗಳಲ್ಲಿ ಹೆಸರು ಕಾಣುವ ಊರು ನವಲಿ. ಅಲ್ಲಿಂದ, ಕನಕಗಿರಿ, ಕಾರಟಗಿ, ತಾವರಗೇರಾ ಕಡೆಯಿಂದ ದಿನಾ ಬಸ್ ಹತ್ತಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ‘ಫಾರಿನ್ ಟೂರ್’ ಎಂದರೆ ಇನ್ನೂ ವಿಮಾನ, ವೀಸಾ, ಲಕ್ಷ ಲಕ್ಷದ ಮಾತು. ಆದರೆ ಮತದಾರರ ಗುರುತಿನ ಚೀಟಿ ತೋರಿಸಿ ನಡೆದುಕೊಂಡೇ ದಾಟಬಹುದಾದ ಪರದೇಶವೊಂದು ನಮ್ಮ ಪಕ್ಕದಲ್ಲೇ ಇದೆ. ಭೂತಾನಕ್ಕೂ ಭಾರತೀಯರಿಗೆ ವೀಸಾ ಬೇಡ, ನಿಜ. ಅಲ್ಲಿ ತಲೆಗೆ ದಿನಕ್ಕೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು, ವಿದ್ಯಾರ್ಥಿಗಳ ಜೇಬಿಗೆ ಅದು ಭಾರ. ಎಂಟು ಹತ್ತು ಗೆಳೆಯರು ಸೇರಿ, ಟೆಂಟು ಕಟ್ಟಿಕೊಂಡು, ತಾವೇ ಅಡುಗೆ ಮಾಡಿಕೊಂಡು ತಿರುಗಲು ಮೊದಲ ಪರದೇಶವಾಗಿ ನೇಪಾಳವೇ ಸರಿ.

ಬಯಲಲ್ಲಿ ಮಲಗಿ, ಮೂರು ಕಲ್ಲಿನ ಒಲೆ ಹೂಡಿ ಊರೂರು ದಾಟುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಯುಗಾದಿ ಹತ್ತಿರ ಬಂದಾಗ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ರೊಟ್ಟಿ ಗಂಟು, ಕಂಬಳಿ ಹೊತ್ತು ರಾಜ್ಯದ ಗಡಿ ದಾಟುತ್ತಾರೆ. ಅವರು ಅದನ್ನು ‘ಕ್ಯಾಂಪಿಂಗ್’ ಎಂದು ಕರೆಯುವುದಿಲ್ಲ, ಅಷ್ಟೇ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಯೂಟ್ಯೂಬ್ ನೋಡುವ ಮೊದಲು ಅವರನ್ನು ಕೇಳಿ.

ಎಲ್ಲಿಗೆ, ಯಾಕೆ

‘ಸುಮ್ಮನೆ ತಿರುಗಿ ಬರೋಣ’ ಎಂದು ಹೊರಟ ಗುಂಪು ಮೂರನೇ ದಿನಕ್ಕೆ ಜಗಳಕ್ಕೆ ಬೀಳುತ್ತದೆ. ಒಂದು ನೆಪ ಬೇಕು. ನಮ್ಮವರಿಗೆ ಅದು ಮನೆ ಬಾಗಿಲಲ್ಲೇ ಇದೆ. ನವಲಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂಡೆಯೊಂದರ ಮೇಲೆ ಬ್ರಾಹ್ಮಿ ಬರಹ ಕಂಡ. ಅಲ್ಲಿಯವರೆಗೆ ದೇಶದುದ್ದಕ್ಕೂ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳುತ್ತಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. ಅಶೋಕ ಎಂಬ ಹೆಸರನ್ನೇ ಬರೆದಿದ್ದ ಮಸ್ಕಿಯ ಬಂಡೆ ಆ ಕೊರತೆ ನೀಗಿಸಿತು. ಆಮೇಲೆ ಆ ಹೆಸರು ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳದಲ್ಲೂ ಸಿಕ್ಕಿತು. ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳಿವೆ.

ಇನ್ನೊಂದು ತುದಿ ನೇಪಾಳದ ಲುಂಬಿನಿ. ಪಟ್ಟಾಭಿಷೇಕವಾಗಿ 20 ವರ್ಷದ ಮೇಲೆ ರಾಜ ತಾನೇ ಬಂದು ಪೂಜೆ ಮಾಡಿದನೆಂದೂ, ಶಾಕ್ಯಮುನಿ ಬುದ್ಧ ಹುಟ್ಟಿದ್ದು ಇಲ್ಲೇ ಎಂದೂ, ಅದಕ್ಕಾಗಿ ಲುಂಬಿನಿ ಗ್ರಾಮಕ್ಕೆ ಕಂದಾಯ ಇಳಿಸಿದನೆಂದೂ ಅಲ್ಲಿನ ಕಂಬ ಹೇಳುತ್ತದೆ. ಫಸಲಿನಲ್ಲಿ ಎಂಟನೇ ಒಂದು ಪಾಲು ಕೊಟ್ಟರೆ ಸಾಕು! ಆದರೆ ಆ ಕಂಬದಲ್ಲಿ ಅಶೋಕ ಎಂಬ ಹೆಸರಿಲ್ಲ, ಪಿಯದಸಿ ಎಂದಷ್ಟೇ ಇದೆ. ಯಾರು ಈ ಪಿಯದಸಿ ಎಂಬುದಕ್ಕೆ ಉತ್ತರ ನಮ್ಮ ಬಂಡೆಯಲ್ಲಿದೆ. ಇತಿಹಾಸ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ದಾರಿಯಲ್ಲೂ ಕೊಂಡಿಗಳಿವೆ. ಮಸ್ಕಿಯಲ್ಲಿರುವ ಕಿರು ಶಾಸನದ ಇನ್ನೊಂದು ಪ್ರತಿ ಮಧ್ಯಪ್ರದೇಶದ ಕಟನಿ ಜಿಲ್ಲೆಯ ರೂಪನಾಥದಲ್ಲಿದೆ, ಮತ್ತೊಂದು ಮಿರ್ಜಾಪುರ ಜಿಲ್ಲೆಯ ಅಹರೌರಾದಲ್ಲಿ. ಸಾರನಾಥದ ನಾಲ್ಕು ಸಿಂಹಗಳಂತೂ ನಮ್ಮ ನೋಟಿನ ಮೇಲೇ ಇವೆ. ಅವನ್ನು ಇಟ್ಟಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿಡಿ.

ಮೊದಲು ಕಾಗದಪತ್ರ

ಹೊರಡುವ ದಿನಕ್ಕೆ ನಾಲ್ಕೈದು ತಿಂಗಳ ಮೊದಲೇ ಶುರು ಮಾಡಬೇಕಾದ ಕೆಲಸ ಇದು. ನೇಪಾಳಕ್ಕೆ ಹೋಗುವ ಭಾರತೀಯನ ಬಳಿ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಇರಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ. ಬಹಳ ಗುಂಪುಗಳು ಎಡವುವುದು ಇಲ್ಲೇ. ‘ಗಡಿಯಲ್ಲಿ ಯಾರೂ ಕೇಳಲ್ಲ ಬಿಡ್ರಿ’ ಎನ್ನುವವರು ಬಸ್ ನಿಲ್ದಾಣದಲ್ಲಿ ಹತ್ತು ಜನ ಸಿಗುತ್ತಾರೆ. ಕೇಳದ ದಿನ ನಡೆಯುತ್ತದೆ, ಕೇಳಿದ ದಿನ ಗುಂಪಿನಲ್ಲಿ ಒಬ್ಬ ಈಚೆ ದಂಡೆಯಲ್ಲಿ ಉಳಿಯುತ್ತಾನೆ.

18 ತುಂಬಿದ್ದರೆ ನಮೂನೆ 6 ತುಂಬಿ ನಿಮ್ಮೂರ ಬಿಎಲ್‌ಒ ಕೈಗೆ ಕೊಡಿ, ಮೊಬೈಲಿನಲ್ಲೂ ಅರ್ಜಿ ಹಾಕಬಹುದು. ಚೀಟಿ ಅಂಚೆಯಲ್ಲಿ ಮನೆಗೆ ಬರುವವರೆಗೆ ಕಾಯಬೇಕು. ಗಡಿಗೆ ಮೂಲ ಚೀಟಿಯನ್ನೇ ಒಯ್ಯಿರಿ, ಫೋಟೊ ಅಥವಾ ಜೆರಾಕ್ಸ್ ನಂಬಿಕೊಂಡು ಹೋಗಬೇಡಿ. ಚೀಟಿಯಲ್ಲಿ ‘ಬಸವರಾಜ’, ಅಂಕಪಟ್ಟಿಯಲ್ಲಿ ‘ಬಸಪ್ಪ’ ಎಂದಿದ್ದರೆ ಈಗಲೇ ತಿದ್ದಿಸಿಕೊಳ್ಳಿ. ಪಿಯುಸಿಯ 15ರಿಂದ 18ರೊಳಗಿನವರಿಗೆ ಬೇರೆ ದಾರಿಯಿದೆ: ನಿಗದಿತ ನಮೂನೆಯಲ್ಲಿ ಪ್ರಾಂಶುಪಾಲರು ಕೊಡುವ ಗುರುತಿನ ಪ್ರಮಾಣಪತ್ರ. ಜೊತೆಗೆ ಪಾಲಕರ ಒಪ್ಪಿಗೆ ಪತ್ರ ಇರಲಿ, ಅದರಲ್ಲಿ ದಿನಾಂಕ, ಮಾರ್ಗ, ಜವಾಬ್ದಾರಿ ಹೊತ್ತ ಉಪನ್ಯಾಸಕರ ಫೋನ್ ನಂಬರ್ ಇರಲಿ. ನನ್ನನ್ನು ಕೇಳಿದರೆ, ಡಿಗ್ರಿ ಓದುವವರು ಈ ನೆಪದಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದೇ ಒಳಿತು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ, ಹತ್ತು ವರ್ಷ ಬಾಳಿಕೆ. ನಾಳೆ ಕೆಲಸಕ್ಕೂ ಬೇಕಾದೀತು.

ಕ್ರೂಸರೋ, ರೈಲೋ

ನಮ್ಮ ಕಡೆ ಹತ್ತು ಜನ ಎಲ್ಲಿಗೆ ಹೊರಟರೂ ಮೊದಲು ನೆನಪಾಗುವುದು ಕ್ರೂಸರ್. ಲೆಕ್ಕ ಹಾಕಿ ನೋಡಿ. ಮಸ್ಕಿ, ರಾಯಚೂರು, ಹೈದರಾಬಾದ್, ಆಮೇಲೆ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ನಾಗಪುರ, ಅಲ್ಲಿಂದ ಜಬಲ್ಪುರ, ರೀವಾ, ವಾರಾಣಸಿ, ಗೋರಖಪುರ, ಕೊನೆಗೆ ಗಡಿಯ ಸೋನೌಲಿ. ಒಂದು ಕಡೆಗೆ ಸುಮಾರು 2,000 ಕಿ.ಮೀ. ರಾತ್ರಿ ಗಾಡಿ ಓಡಿಸಬಾರದು ಎಂಬ ನಿಯಮ ಇಟ್ಟುಕೊಂಡರೆ (ಇಟ್ಟುಕೊಳ್ಳಲೇಬೇಕು) ದಿನಕ್ಕೆ 350 ಕಿ.ಮೀ. ಹೋದರೆ ಹೆಚ್ಚು. ಹೋಗಲು ಆರು ದಿನ, ಬರಲು ಆರು ದಿನ. ನೇಪಾಳದ ಸುತ್ತು ಸೇರಿ ಒಟ್ಟು 4,500 ಕಿ.ಮೀ. ಲೀಟರಿಗೆ 10 ಕಿ.ಮೀ. ಹಿಡಿದರೂ 450 ಲೀಟರ್ ಡೀಸೆಲ್, ಅಂದರೆ 40 ಸಾವಿರ ರೂಪಾಯಿ ಬರೀ ಇಂಧನಕ್ಕೆ. ಟೋಲ್, ಚಾಲಕನ ಭತ್ಯೆ ಬೇರೆ.

ಗಾಡಿಯ ಕಾಗದಗಳೂ ಸಣ್ಣ ತಲೆನೋವಲ್ಲ. ಗೆಳೆಯನ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಒಯ್ಯುವ ರೂಢಿ ಊರಲ್ಲಿ ನಡೆಯುತ್ತದೆ. ಅಪಘಾತವಾದರೆ ವಿಮೆ ಕಂಪನಿ ಅದೇ ನೆಪ ಹಿಡಿದು ಕೈ ತೊಳೆದುಕೊಳ್ಳುತ್ತದೆ. ಹಳದಿ ಬೋರ್ಡಿನ ಅಖಿಲ ಭಾರತ ಪರ್ಮಿಟ್ ನಡೆಯುವುದು ಭಾರತದೊಳಗೆ, ನೇಪಾಳಕ್ಕೆ ಬೇರೆ ಅನುಮತಿ ಬೇಕು, ಅದನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸ್ವಂತ ಗಾಡಿಯಾದರೆ ಗಡಿ ದಾಟಿದ ಕೂಡಲೇ ನೇಪಾಳದ ಕಸ್ಟಮ್ಸ್‌ನಲ್ಲಿ ‘ಭನ್ಸಾರ್’ ಕಟ್ಟಿಸಬೇಕು. ದಿನಕ್ಕೆ ಇಷ್ಟು ಎಂದು ಹಣ ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. ಎಷ್ಟು ದಿನಕ್ಕೆ ಕಟ್ಟಿದ್ದೀರೋ ಅದರೊಳಗೆ ಗಾಡಿ ಈಚೆ ಬರಬೇಕು, ತಪ್ಪಿದರೆ ದಂಡ. ಹಾಗಾಗಿ ಒಂದು ದಿನ ಹೆಚ್ಚಿಗೇ ಕಟ್ಟಿ. ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವೂ ಮೂಲಪ್ರತಿ. ಭಾರತದ ವಾಹನ ವಿಮೆ ತಾನಾಗಿಯೇ ನೇಪಾಳಕ್ಕೆ ಅನ್ವಯವಾಗುವುದಿಲ್ಲ. ‘ಜಿಯೋಗ್ರಾಫಿಕಲ್ ಎಕ್ಸ್‌ಟೆನ್ಷನ್’ ಎಂದು ಕೇಳಿ, ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು.

ಇದೆಲ್ಲ ನೋಡಿದ ಮೇಲೆ ನನ್ನ ಸಲಹೆ ಇಷ್ಟು: ರಸ್ತೆಯ ಸುಖ ಇರುವುದು ನೇಪಾಳದೊಳಗಿನ ಐನೂರು ಕಿಲೋಮೀಟರಿನಲ್ಲಿ. ಅಲ್ಲಿಯವರೆಗೆ ರೈಲಿನಲ್ಲಿ ಹೋಗಿ. ಸಿಕಂದರಾಬಾದ್ ತಲುಪಿದರೆ ಗೋರಖಪುರಕ್ಕೆ ನೇರ ಗಾಡಿ ಉಂಟು. ಗೋರಖಪುರದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದನೆಯದು ಎಂದು ಅಲ್ಲಿನವರು ಈಗಲೂ ಹೇಳಿದರೆ ಸುಮ್ಮನಿರಬೇಡಿ. 2023ರ ಮಾರ್ಚ್‌ನಿಂದ ಆ ಪಟ್ಟ ನಮ್ಮ ಹುಬ್ಬಳ್ಳಿಯದು, 1,507 ಮೀಟರ್. ಅಲ್ಲಿಂದ ಸೋನೌಲಿಗೆ ಬಸ್ಸಿನಲ್ಲಿ ಮೂರು ತಾಸು. ಗಡಿ ನಡೆದು ದಾಟಿ, ಆಚೆಯ ಭೈರಹವಾದಲ್ಲಿ ಚಾಲಕನ ಸಮೇತ ನೇಪಾಳಿ ಗಾಡಿ ಬಾಡಿಗೆಗೆ ಹಿಡಿಯಿರಿ. ಆ ಗುಡ್ಡದ ರಸ್ತೆ ಅವರ ಕೈಗೆ ಪಳಗಿದೆ. ಭನ್ಸಾರ್ ಗೋಜೂ ಇಲ್ಲ. ರೂಪನಾಥ, ಸಾರನಾಥ ನೋಡಲೇಬೇಕೆನ್ನುವವರು ಕಟನಿ, ವಾರಾಣಸಿಯಲ್ಲಿ ಇಳಿದು ಹೋಗುವಂತೆ ಟಿಕೆಟ್ ಮಾಡಿಸಿ. ಕಾಶಿಯಲ್ಲಿ ಉಳಿದುಕೊಳ್ಳಲು ನಮ್ಮವರಿಗೆ ಜಂಗಮವಾಡಿ ಮಠದ ಪರಿಚಯ ಹೇಳಬೇಕಿಲ್ಲ.

ಒಂದು ಎಚ್ಚರಿಕೆ: ರೈಲಿನಲ್ಲಿ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಒಯ್ಯುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದಲ್ಲಿ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದು ಹೀಗೆ ಕದ್ದು ಒಯ್ದ ಸಿಲಿಂಡರಿನಿಂದಲೇ. ಬರಿಯ ಒಲೆ ಒಯ್ದು, ಇಂಧನವನ್ನು ನೇಪಾಳದಲ್ಲೇ ತೆಗೆದುಕೊಳ್ಳಿ.

ಹೊಲದಲ್ಲಿ ಎರಡು ರಾತ್ರಿ

ಹೊರಡುವ ಮೊದಲು ಊರಲ್ಲೇ ಎರಡು ರಾತ್ರಿ ಟೆಂಟಿನಲ್ಲಿ ಮಲಗಿ ನೋಡಿ. ಇದನ್ನು ಬಿಟ್ಟ ಗುಂಪು ಪೊಖರಾದ ಚಳಿಯಲ್ಲಿ ಟೆಂಟಿನ ಕಡ್ಡಿ ಯಾವುದಕ್ಕೆ ಯಾವುದು ಎಂದು ಹುಡುಕುತ್ತ ಕೂಡುತ್ತದೆ.

ಎರೆ ಹೊಲ ಬೇಡ. ನವೆಂಬರ್‌ನಲ್ಲಿ ಅಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ. ಖಾಲಿ ಇದ್ದರೂ ಒಣಗಿ ಬಿರುಕು ಬಿಟ್ಟ ಎರೆಯಲ್ಲಿ ಗೂಟ ಹಿಡಿಯುವುದಿಲ್ಲ, ಹಸಿಯಾಗಿದ್ದರೆ ಎಳೆದ ಕೂಡಲೇ ಜಾರಿ ಬರುತ್ತದೆ. ಮಸಾರಿ ನೆಲ ಅಥವಾ ಗಟ್ಟಿ ಬಡಿದ ಕಣ ಒಳ್ಳೆಯದು. ಗೂಟವನ್ನು ನೆಟ್ಟಗೆ ಹೊಡೆಯದೆ, ಅದರ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಿರಿ, ಆಗ ಹಗ್ಗ ಜಗ್ಗಿದಷ್ಟೂ ಅದು ನೆಲ ಕಚ್ಚುತ್ತದೆ. ಗೂಟ ಇಳಿಯದ ಕಲ್ಲು ನೆಲದಲ್ಲಿ ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತಿ, ಅದರ ಮೇಲೊಂದು ಕಲ್ಲು ಹೇರಬೇಕು. ಕೆಳಗೆ ಹಾಸುವ ತಾಡಪಾಲು ಟೆಂಟಿನ ಅಂಚಿನಿಂದ ಹೊರಗೆ ಚಾಚಿದರೆ ಇಬ್ಬನಿ, ಮಳೆ ನೀರೆಲ್ಲ ಅದರ ಮೇಲೆ ಹರಿದು ನೇರ ನಿಮ್ಮ ಬೆನ್ನಿನಡಿ ಬರುತ್ತದೆ, ಒಳಗೆ ಮಡಚಿಡಿ. ಚಳಿ ಎಂದು ಎಲ್ಲ ಕಿಂಡಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಉಸಿರಿನ ಹಸಿಯೇ ಹನಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಕಿಂಡಿ ತೆರೆದಿಟ್ಟು ಕಂಬಳಿ ಹೊದೆಯಿರಿ. ನಮ್ಮ ಕುರಿ ಉಣ್ಣೆಯ ಕಂಬಳಿ ಇದ್ದರೆ ದುಬಾರಿ ಸ್ಲೀಪಿಂಗ್ ಬ್ಯಾಗ್ ಬೇಡ. ಭಾರ ಒಂದೇ ಅದರ ದೋಷ. ಎರಡನೇ ರಾತ್ರಿ ದೀಪ ಆರಿಸಿ, ಬರೀ ಟಾರ್ಚ್ ಬೆಳಕಿನಲ್ಲಿ ಟೆಂಟು ಕಟ್ಟಿ ಬಿಚ್ಚಿ.

ಈ ತಾಲೀಮಿಗೆ ಹಿರೇಬೆಣಕಲ್‌ನ ಬೃಹತ್ ಶಿಲಾಯುಗದ ಗೋರಿಗಳ ಬೆಟ್ಟವನ್ನೋ ಆನೆಗೊಂದಿಯ ಗುಡ್ಡಗಳನ್ನೋ ಆರಿಸಬೇಡಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಒಲೆ ಹೂಡುವಂತಿಲ್ಲ, ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಕ್ರೌರ್ಯ, ಕಾಲುವೆಗೆ ತಳ್ಳಲ್ಪಟ್ಟು ಒಬ್ಬರು ಸತ್ತದ್ದು ಈ ಸೀಮೆಯವರು ಮರೆಯುವಂಥದ್ದಲ್ಲ. ಇಲ್ಲಿಯಾಗಲಿ ನೇಪಾಳದಲ್ಲಾಗಲಿ ಒಂದೇ ನಿಯಮ: ಯಾರದೋ ಮನೆ, ಲಾಡ್ಜು, ಮಠದ ಕೂಗಳತೆಯಲ್ಲಿ, ಅವರನ್ನು ಕೇಳಿ, ಬೇಕಾದರೆ ನೆಲಬಾಡಿಗೆ ಕೊಟ್ಟು ಟೆಂಟು ಹೊಡೆಯಿರಿ. ಹುಡುಗಿಯರಿದ್ದ ಗುಂಪಿನ ಜೊತೆ ಒಬ್ಬ ಮಹಿಳಾ ಉಪನ್ಯಾಸಕಿ ಇರಲಿ, ಅವರ ಟೆಂಟು ನಡುವೆ ಇರಲಿ.

ಸೋನೌಲಿಯ ಆಚೆ

ಗಡಿ ದಾಟಿದ ಕೂಡಲೇ ಗಡಿಯಾರ 15 ನಿಮಿಷ ಮುಂದಿಡಿ. ಮೊದಲ ದಿನ ಲುಂಬಿನಿ, ಭೈರಹವಾದಿಂದ 20 ಕಿ.ಮೀ. ಮೇಲೆ ಸ್ವಲ್ಪ. ನಾನಾ ದೇಶದ ಬೌದ್ಧ ವಿಹಾರಗಳಿವೆ, ಕೆಲವು ಯಾತ್ರಿಕರಿಗೆ ಇಳಿದುಕೊಳ್ಳಲು ಜಾಗ ಕೊಡುತ್ತವೆ. ಅಲ್ಲಿ ಟೆಂಟು ಬಿಚ್ಚದಿರುವುದೇ ಮರ್ಯಾದೆ. ಮಾಯಾದೇವಿ ಗುಡಿಯ ಆವರಣಕ್ಕೆ ಬರಿಗಾಲಲ್ಲಿ ಹೋಗಬೇಕು. ಮಸ್ಕಿ ಶಾಸನದ ಅಕ್ಷರಗಳ ನಕಲು ಕೈಯಲ್ಲಿದ್ದರೆ ಕಂಬದ ಮುಂದೆ ನಿಂತು ‘ದೇ’, ‘ವಾ’, ‘ನ’ ಗುರುತಿಸುತ್ತ ಒಂದು ತಾಸು ಕಳೆಯಬಹುದು.

ಅಲ್ಲಿಂದ ಬುತ್ವಲ್, ತಾನ್ಸೇನ್ ಮೇಲೆ ಪೊಖರಾ. ಭೈರಹವಾದಿಂದ ಸುಮಾರು 180 ಕಿ.ಮೀ. ಮಾತ್ರ, ಆದರೆ ಇಡೀ ದಿನದ ದಾರಿ ಎಂದೇ ಹಿಡಿಯಿರಿ. ಬುತ್ವಲ್ ದಾಟಿದೊಡನೆ ಸಿಗುವ ಸಿದ್ಧಬಾಬಾ ಕಡೆ ಕಲ್ಲು ಉರುಳುವ ಇಳಿಜಾರು. ಒಂದು ರಾತ್ರಿ ತಾನ್ಸೇನ್‌ನಲ್ಲಿ ಉಳಿದರೆ ದಣಿವು ಅರ್ಧ ಕಡಿಮೆ. ಪೊಖರಾದಲ್ಲಿ ಫೇವಾ ಸರೋವರದ ಕಡೆ ಟೆಂಟಿಗೆ ನೆಲ ಕೊಡುವವರಿದ್ದಾರೆ. 6,993 ಮೀಟರಿನ ಮಚ್ಛಾಪುಚ್ಛ್ರೆ ಶಿಖರ ಬೆಳಗಿನ ಜಾವವೇ ನೋಡಬೇಕು, ಹತ್ತು ಗಂಟೆಯ ಮೇಲೆ ಮೋಡ ಕವಿಯುವುದುಂಟು. ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಕಾಲಿಡಲು ಪರವಾನಗಿ ಬೇಕು. ಮರಳುವಾಗ ಮುಗ್ಲಿಂಗ್ ಮೇಲೆ ಚಿತ್ವನ್. ಅದು 1973ರಲ್ಲಿ ಆದ ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ. ಪಕ್ಕದ ಸೌರಾಹಾ ಊರಿನ ಬೀದಿಗೇ ರಾತ್ರಿ ಘೇಂಡಾಮೃಗ ಬರುವುದರಿಂದ ಅಲ್ಲಿ ಕೋಣೆ ಹಿಡಿಯಿರಿ.

ಯಾವಾಗ ಎಂಬುದು ಎಲ್ಲಿಗೆ ಎಂಬುದಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಬೇಡವೇ ಬೇಡ. 2024ರ ಜುಲೈನಲ್ಲಿ ಇದೇ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ದಸರಾ ರಜೆ ನಮಗೆ ಅನುಕೂಲ, ಅಲ್ಲಿ ದಶೈನ್ ಹಬ್ಬ. ಇಡೀ ದೇಶ ಊರಿಗೆ ಹೊರಟಿರುತ್ತದೆ, ಕಚೇರಿ ಮುಚ್ಚಿರುತ್ತವೆ, ಗಾಡಿ ಸಿಗುವುದಿಲ್ಲ. ಜನವರಿಯಲ್ಲಿ ಉತ್ತರ ಪ್ರದೇಶ, ತರಾಯಿ ಎರಡೂ ಕಡೆ ಮಂಜು ಮುಸುಕಿ ರೈಲು ತಾಸುಗಟ್ಟಲೆ ತಡ. ದೀಪಾವಳಿ ಮುಗಿದ ಮೇಲಿನ ನವೆಂಬರ್, ಅಥವಾ ಫೆಬ್ರುವರಿ ಕೊನೆ, ಇವೆರಡೇ ನಮಗೆ. 2025ರ ಸೆಪ್ಟೆಂಬರ್‌ನಲ್ಲಿ ಯುವಕರ ಚಳವಳಿಯಿಂದ ಸರಕಾರವೇ ಬಿದ್ದು ಕರ್ಫ್ಯೂ ಆಗಿತ್ತು. ಹೊರಡುವ ವಾರ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿಕೊಳ್ಳಿ.

ನದಿ ದಂಡೆಯ ಮರಳಲ್ಲಿ ಟೆಂಟು ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ತುಂಗಭದ್ರೆಯ ಬಳಿ ಬೆಳೆದವರಿಗೆ ಅದರ ಅಪಾಯ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಊರುಗಳು ನಿದ್ದೆಗೆಟ್ಟು ಕುಳಿತಿದ್ದವು. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಫೋಟೊಕ್ಕೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಬಲಿಯಾದರು. ನೇಪಾಳದ ನದಿಗಳ ಮೇಲೂ ವಿದ್ಯುತ್ ಅಣೆಕಟ್ಟೆಗಳಿವೆ. ದಂಡೆಯಿಂದ ಸಾಕಷ್ಟು ಎತ್ತರದಲ್ಲಿ, ನೆರೆಯ ಕಸಕಡ್ಡಿ ಸಿಕ್ಕಿಕೊಂಡ ಗುರುತಿಗಿಂತ ಮೇಲೆ ಇಳಿದುಕೊಳ್ಳಿ.

ಬುತ್ತಿ, ಹಣ, ಕೆಲಸ

ಬುತ್ತಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಟಕ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎರಡು ವಾರ ಕೆಡುವುದಿಲ್ಲ. ರೊಟ್ಟಿಯನ್ನು ಚೀಲಕ್ಕೆ ತುಂಬದೆ ಗಟ್ಟಿ ಸ್ಟೀಲ್ ಡಬ್ಬಿಯಲ್ಲಿಡಿ, ಇಲ್ಲವಾದರೆ ಗೋರಖಪುರ ತಲುಪುವಷ್ಟರಲ್ಲಿ ಪುಡಿ. ಅಕ್ಕಿ ಬೇಳೆ ಇಲ್ಲಿಂದ ಹೊರಬೇಡಿ, ಅಲ್ಲಿ ದಾಲ್–ಭಾತ್ ಎಲ್ಲ ಕಡೆ ಸಿಗುತ್ತದೆ, ಅನ್ನ ಮತ್ತೆ ಮತ್ತೆ ಬಡಿಸುತ್ತಾರೆ. ಸೊಳ್ಳೆ ಪರದೆ, ಓಆರ್‌ಎಸ್ ಪೊಟ್ಟಣ ಮರೆಯಬೇಡಿ, ತರಾಯಿಯಲ್ಲಿ ಡೆಂಗಿ ಇದೆ.

ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ನೇಪಾಳ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಇತ್ತೀಚೆಗೆ ನಿಯಮ ಸಡಿಲಿಸುವ ಹೆಜ್ಜೆಗಳಾಗಿದ್ದರೂ 100ರ ಕಟ್ಟುಗಳನ್ನೇ ಒಯ್ಯುವುದು ಕ್ಷೇಮ. 2024ರಿಂದ ಫೋನ್‌ಪೇ ಜಾಲದ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಇದು ನಮ್ಮ ಫೋನ್‌ಪೆ ಅಲ್ಲ, ಅಲ್ಲಿನ ಬೇರೆ ಕಂಪನಿ. ಗುಡ್ಡದ ಊರಲ್ಲಿ ಸಿಗ್ನಲ್ ನಂಬಬೇಡಿ. ಗುಂಪಿಗೆ ಎರಡು ಸ್ಥಳೀಯ ಸಿಮ್ ಸಾಕು, ನೇಪಾಳ್ ಟೆಲಿಕಾಂ ಒಂದು, ಎನ್‌ಸೆಲ್ ಒಂದು.

ಕೆಲಸ ಹಂಚಿಕೊಳ್ಳದ ಗುಂಪು ಊಟದ ಹೊತ್ತಿಗೇ ಒಡೆಯುತ್ತದೆ. 1955–56ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಆರು ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಭಾರತದ ಮೇಲೆ ಹಾಯ್ದು ಸಿಂಗಪುರದವರೆಗೆ ಹೋದರು. ಅವರಲ್ಲಿ ಗಾಡಿ ರಿಪೇರಿ, ಕ್ಯಾಮೆರಾ, ನಕ್ಷೆ–ವೀಸಾ, ಹಣ ಎಲ್ಲಕ್ಕೂ ಒಬ್ಬೊಬ್ಬ ಹೊಣೆಗಾರನಿದ್ದ. ನೀವೂ ಹಾಗೇ ಮಾಡಿ: ಕಾಗದಪತ್ರಕ್ಕೆ ಒಬ್ಬಳು, ಲೆಕ್ಕಕ್ಕೆ ಒಬ್ಬ, ಔಷಧಿ ಡಬ್ಬಿಗೆ ಒಬ್ಬ, ಅಡುಗೆ ಮಾತ್ರ ಸರದಿ. ಲೆಕ್ಕದವನು ದಿನಾ ರಾತ್ರಿ ಮಲಗುವ ಮೊದಲು ಖರ್ಚು ಓದಿ ಎಲ್ಲರ ಸಹಿ ಹಾಕಿಸಿಕೊಳ್ಳಲಿ. ‘ಊರಿಗೆ ಹೋಗಿ ನೋಡೋಣ ಬಿಡೊ’ ಎಂದ ಲೆಕ್ಕ ಎಂದೂ ಬಗೆಹರಿದದ್ದಿಲ್ಲ.

ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಚೀಟಿ ಇರಲಿ: ನೇಪಾಳ ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144, ಜೊತೆಗೆ ಉಪನ್ಯಾಸಕರ ನಂಬರ್, ರಕ್ತದ ಗುಂಪು, ಗಾಡಿಯ ಸಂಖ್ಯೆ. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿ, ಕಾಗದದ ಮೇಲೆ ಬಾಲ್ ಪೆನ್ನಿನಲ್ಲಿ ಬರೆದು, ಒಂದು ಪ್ರತಿ ಮನೆಯಲ್ಲೂ ಕೊಟ್ಟು ಹೋಗಿ.